ನಿಮಗಿದು ಗೊತ್ತೇ? ಹೊಳೆಯ ಬಾಯಿ ಕಾದ ಬತ್ತೇರಿ

ಮಂಗಳೂರಿನ ಸುಲ್ತಾನ್ ಬತ್ತೇರಿಯ ‘ಬತ್ತೇರಿ’ಗೂ ನಿಮ್ಮ ಟಾರ್ಚಿನ ಬ್ಯಾಟರಿಗೂ ಮೂಲ ಒಂದೇ! ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹಾರಿಸುವ ತೋಪುಗಳ ತಂಡಕ್ಕೆ ಯುರೋಪಿನಲ್ಲಿ ಬ್ಯಾಟರಿ ಎನ್ನುತ್ತಿದ್ದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ವಿದ್ಯುತ್ ತುಂಬಿದ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿದಾಗ ಆ ಪದವನ್ನೇ ಎರವಲು ಪಡೆದರು. ತೋಪು ಮೊದಲು, ಟಾರ್ಚು ಆಮೇಲೆ.

ತೋಪಿಗೆ ಇನ್ನೊಂದು ಹೆಸರು ಫಿರಂಗಿ. ಆ ಮಾತಿಗೆ ಮೊದಲ ಅರ್ಥ ಯುರೋಪಿನವನು ಎಂದು. ಆಳಿನ ಹೆಸರೇ ಆಯುಧಕ್ಕೂ ಬಂತು. ‘ತೋಪು’ ತುರ್ಕಿಯಿಂದ ಬಂದ ಪದ.

ಬೋಳೂರಿನಲ್ಲಿ ಗುರುಪುರ ಹೊಳೆಯ ದಂಡೆಯ ಮೇಲಿರುವ ಈ ಕಟ್ಟಡವನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ್ದು 1784ರಲ್ಲಿ. ಕರಾವಳಿಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಕೆಂಪು ಮುರಕಲ್ಲು; ಇಲ್ಲಿ ಬಳಸಿದ್ದು ಕರಿಕಲ್ಲು. ದೊಡ್ಡ ಕೋಟೆಯನ್ನು ನಿರೀಕ್ಷಿಸಿ ಹೋದವರಿಗೆ ಇದರ ಚಿಕ್ಕ ಗಾತ್ರ ಕಂಡು ಅಚ್ಚರಿಯಾಗುತ್ತದೆ. ಗೋಡೆಯ ತುಂಬ ತೋಪಿನ ಕಿಂಡಿಗಳು, ಮೇಲೇರಲು ಮೆಟ್ಟಿಲು, ಅಡಿಯಲ್ಲಿ ಮದ್ದಿನ ಉಗ್ರಾಣ. ಕರಾವಳಿಯ ಮಳೆಗೂ ಶತ್ರುವಿನ ಗುಂಡಿಗೂ ಮದ್ದು ಸಿಗಬಾರದಲ್ಲ!

ಅಷ್ಟು ಚಿಕ್ಕ ಕಟ್ಟಡ ಸಾಕಾಗಿತ್ತೇ? ಸಾಕು. ತೆರೆದ ಕಡಲಲ್ಲಿ ಹಡಗು ಎತ್ತ ಬೇಕಾದರೂ ತಿರುಗೀತು, ಹೊಳೆಯೊಳಗೆ ಬಂದರೆ ಹಾಗಲ್ಲ. ನೀರಿನ ಆಳ ನೋಡಿಕೊಂಡು, ಇರುವ ಒಂದೇ ದಾರಿಯಲ್ಲಿ ನಿಧಾನಕ್ಕೆ ಸಾಗಬೇಕು. ದಡದ ತೋಪು ಅಲುಗುವುದಿಲ್ಲ, ಹಡಗಿನ ತೋಪು ಅಲೆಯ ಜೊತೆ ತೂಗುತ್ತದೆ. ಗುರಿ ಯಾರದು ಗಟ್ಟಿ ಎಂದು ಬೇರೆ ಹೇಳಬೇಕಿಲ್ಲ.

ಬತ್ತೇರಿಯ ಹಿಂದೆ ಹದಿನೈದು ವರ್ಷಗಳ ಕಹಿ ಅನುಭವವಿತ್ತು. ಟಿಪ್ಪುವಿನ ತಂದೆ ಹೈದರಾಲಿಗೆ ಮಂಗಳೂರು ದಕ್ಕಿದ್ದು 1763ರಲ್ಲಿ, ಘಟ್ಟದ ಮೇಲಿನ ಬಿದನೂರಿನ ಜೊತೆಗೆ. ಮಂಗಳೂರಿನಲ್ಲಿ ಆತ ನೌಕಾಪಡೆ ಕಟ್ಟತೊಡಗಿದ. 1768ರಲ್ಲಿ ಬಾಂಬೆಯಿಂದ ಹಡಗೇರಿ ಬಂದ ಇಂಗ್ಲಿಷರು ಊರನ್ನೇ ಹಿಡಿದರು, ಕೆಲವೇ ತಿಂಗಳಲ್ಲಿ ಕಳೆದುಕೊಂಡರು. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಹೈದರನ ಹಡಗುಗಳನ್ನು ಬಂದರಿನಲ್ಲೇ ನಾಶಮಾಡಿದ. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕಡಲಿನಿಂದಿಳಿದು ಘಟ್ಟ ಹತ್ತಿ ಬಿದನೂರು ಹಿಡಿದ. ಮಾರ್ಚಿಗೆ ಮಂಗಳೂರೂ ಹೋಯಿತು. ಮೂರು ಸಲವೂ ಪೆಟ್ಟು ಬಂದದ್ದು ನೀರಿನ ಕಡೆಯಿಂದ!

ಮಂಗಳೂರನ್ನು ಮರಳಿ ಪಡೆಯಲು ಟಿಪ್ಪು ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಒಳಗಿದ್ದವನು ಇಂಗ್ಲಿಷರ ಕರ್ನಲ್ ಕ್ಯಾಂಪ್‌ಬೆಲ್. ಹಸಿವು, ರೋಗಗಳಿಂದ ಕಂಗೆಟ್ಟ ಪಡೆ 1784ರ ಜನವರಿ ಕೊನೆಗೆ ಕೋಟೆ ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಇಂಗ್ಲಿಷರ ಜೊತೆಗಿನ ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಬತ್ತೇರಿ ಎದ್ದದ್ದೂ ಆ ವರ್ಷವೇ. ಶಾಂತಿಯ ಕಾಗದ ಕೈಯಲ್ಲಿದ್ದರೂ ಟಿಪ್ಪು ಹೊಳೆಯ ಬಾಯಿಗೆ ಕಾವಲು ಹಾಕಿದ್ದನ್ನು ನೋಡಿದರೆ, ಹಿಂದಿನ ಮೂರು ಪೆಟ್ಟು ಅವನಿಗೆ ಮರೆತಿರಲಿಲ್ಲ ಎನಿಸುತ್ತದೆ.

ಟಿಪ್ಪುವಿನ ಆಳ್ವಿಕೆ ಕರಾವಳಿಯಾಚೆಗೂ ಹಬ್ಬಿತ್ತು. ಕೊಯಮತ್ತೂರು–ತಿರುಪ್ಪೂರು ಸೀಮೆಯ ಕುನ್ನತ್ತೂರಿಗೆ ಅರಬ್ಬಿ ಕಡಲು 150 ಕಿ.ಮೀ.ಗೂ ಹೆಚ್ಚು ದೂರ. ಆದರೂ ಊತುಕುಳಿ ಬೆಣ್ಣೆಗೆ ಹೆಸರಾದ ಈ ನಾಡಿಗೂ ಬೋಳೂರಿನ ಹೊಳೆದಂಡೆಗೂ ಒಡೆಯ ಒಬ್ಬನೇ ಇದ್ದ. ಕೊಯಮತ್ತೂರು ಸುತ್ತಿನ ಕೊಂಗುನಾಡನ್ನು ಪಡುಗಡಲಿಗೆ ಜೋಡಿಸುವ ಬಾಗಿಲು ಪಾಲಕ್ಕಾಡ್ ಕಣಿವೆ. ಅದನ್ನು ಭದ್ರಪಡಿಸಲೆಂದೇ ಹೈದರ್ 1766ರಲ್ಲಿ ಅಲ್ಲಿ ಕೋಟೆ ಕಟ್ಟಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಯಮತ್ತೂರು, ಮಂಗಳೂರಿದ್ದ ಕೆನರಾ ಎರಡೂ ಒಂದೇ ಹಂಚಿಕೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು.

ಕಡಲೇ ಇಲ್ಲದ ವಯನಾಡಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆ! ಹಳೆಯ ಹೆಸರು ಗಣಪತಿವಟ್ಟಂ. ಅಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡು ಇಡಲು ಬಳಸಿಕೊಂಡಿತು. ಬತ್ತೇರಿ ಎಂಬ ಹೆಸರೇ ಇಡೀ ಪೇಟೆಗೆ ಉಳಿಯಿತು.

ಇದೇ ಕರಾವಳಿಯ ಕಾಸರಗೋಡಿನ ಬೇಕಲ ಕೋಟೆ ಮಂಗಳೂರಿನ ಬತ್ತೇರಿಗಿಂತ ಹಿರಿಯದು. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. 40 ಎಕರೆ, ಎಲ್ಲ ಮುರಕಲ್ಲು.

ದಡದ ತೋಪುಗಳಷ್ಟೇ ಅಲ್ಲ, 1796ರಲ್ಲಿ ಟಿಪ್ಪು 22 ದೊಡ್ಡ ಯುದ್ಧನೌಕೆ, 20 ಫ್ರಿಗೇಟುಗಳ (ಚಿಕ್ಕ ಯುದ್ಧನೌಕೆಗಳ) ಪಡೆಗೆ ಯೋಜನೆ ಹಾಕಿದ್ದ. ಹಡಗು ಕಟ್ಟುವ ತಾಣಗಳಲ್ಲಿ ಮಂಗಳೂರೂ ಒಂದು. ಮೂರೇ ವರ್ಷಕ್ಕೆ ಆತನೇ ಇಲ್ಲವಾದ.

ದೊಡ್ಡ ಹಡಗುಗಳು ಈಗ ಪಣಂಬೂರಿಗೆ ಹೋಗುತ್ತವೆ. ಅಲ್ಲಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಬತ್ತೇರಿಯ ಬುಡದಿಂದ ಹೊರಡುವುದು ತಣ್ಣೀರುಬಾವಿ ಕಡಲತೀರಕ್ಕೆ ಜನರನ್ನು ದಾಟಿಸುವ ದೋಣಿ. ಅದಕ್ಕೆ ಕಾಯುವ ಹತ್ತು ನಿಮಿಷದಲ್ಲಿ ಮೆಟ್ಟಿಲು ಹತ್ತಿ, ಒಂದು ಕಿಂಡಿಗೆ ಕಣ್ಣಿಟ್ಟು ಹೊಳೆ ನೋಡಿ. ತೋಪಿನವನಿಗೆ ಕಾಣುತ್ತಿದ್ದುದೂ ಅಷ್ಟೇ ಅಗಲದ ನೀರು.