ಕೋಗಳಿ ಸೀಮೆಯ ಕಲ್ಲು ಓದುವವರು

ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. ಸಾವಿರ ವರ್ಷದ ಹಿಂದೆ ಇದು ‘ಕೋಗಳಿ–500’ ಎಂಬ ನಾಡಿನ ತಲೆಯೂರು. ಇಲ್ಲಿಯ ಬಸದಿಯನ್ನು ಮೊದಲು ಕಟ್ಟಿಸಿದವನು ಗಂಗರ ದುರ್ವಿನೀತ ಎಂದು 1055ರ ಶಾಸನ ನೆನೆಯುತ್ತದೆ. ಆ ಬಸದಿಗೆ ಇಂದ್ರಕೀರ್ತಿ ಮುನಿ ದತ್ತಿ ಬಿಟ್ಟದ್ದನ್ನೂ ಹೇಳುತ್ತದೆ. ಇದೇ ಸೀಮೆಯಲ್ಲಿ, ಹರಪನಹಳ್ಳಿ ಬಳಿಯ ಬಾಗಳಿಯಲ್ಲಿ, ದುಗ್ಗಿಮಯ್ಯ ಕಲ್ಲೇಶ್ವರನನ್ನು ಪ್ರತಿಷ್ಠಾಪಿಸಿದ್ದು 987ರಲ್ಲಿ. ಚಾಲುಕ್ಯ ದೊರೆ ಒಂದನೇ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಪಟಗಳು ಇನ್ನೂ ಹಿಂದಿನವು: ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ದಾನಪತ್ರ.

ಇಷ್ಟೆಲ್ಲ ಕಾಲಡಿಯಲ್ಲೇ ಇದ್ದರೂ, ಇಲ್ಲಿಂದ ಹೋಗಿ ಇತಿಹಾಸದಲ್ಲಿ ಎಂ.ಎ. ಮುಗಿಸಿದವರ ಮುಂದೆ ಸಾಮಾನ್ಯವಾಗಿ ಇರುವುದು ಒಂದೇ ದಾರಿ. ನೆಟ್ ಇಲ್ಲವೇ ಕೆ-ಸೆಟ್, ಅತಿಥಿ ಉಪನ್ಯಾಸಕರ ಅರ್ಜಿ, ಜೊತೆಗೊಂದು ಪಿಎಚ್.ಡಿ. ಮಹಾಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ಯಾವ ಊರಿನ ಕಲ್ಲನ್ನು ಓದಿ ಪದವಿ ಬಂತೋ ಆ ಊರಿಗೆ ಅದರ ಒಂದು ಪ್ರತಿಯೂ ತಲುಪುವುದಿಲ್ಲ.

ಇನ್ನೊಂದು ದಾರಿ ಇದೆ ಎಂದು ತೋರಿಸಿದವರು ಸಂಶೋಧಕ ಎಂ. ಚಿದಾನಂದಮೂರ್ತಿ. ಅವರು ಓದಿದ್ದು ಕನ್ನಡ ಎಂ.ಎ. ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗೆ ಕುಳಿತಾಗ ಆರಿಸಿಕೊಂಡದ್ದು ಶಾಸನಗಳನ್ನು. ರಾಜರ ವಂಶಾವಳಿಗೆಂದು ಜಾಲಾಡುತ್ತಿದ್ದ ಆ ಸಾಲುಗಳಲ್ಲಿ ಅವರು ಜನರ ಬದುಕನ್ನು ಹುಡುಕಿದರು: ಅಗ್ರಹಾರದ ಓದು, ಹೆಂಗಸರ ಸ್ಥಿತಿ, ಒಡೆಯನಿಗಾಗಿ ಪ್ರಾಣ ಕೊಟ್ಟವರು, ತುರು ಕಾಯಲು ಹೋಗಿ ವೀರಗಲ್ಲಾದವರು. ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಯಿತು. ಮುಂದೆ ಹಂಪಿಯ ಸ್ಮಾರಕಗಳ ಉಳಿವಿಗಾಗಿ ಅವರೇ ಹೋರಾಟಕ್ಕಿಳಿದರು. ವಿದ್ವತ್ತು ಒಂದು ಕೆಲಸ, ಚಳವಳಿ ಇನ್ನೊಂದು ಎಂದು ಅವರಿಗೆ ಅನಿಸಲಿಲ್ಲ. ಒಂದರಿಂದ ಇನ್ನೊಂದು ಹುಟ್ಟಿತು.

ಈಗ ಈ ದಾರಿ ಹಿಡಿಯುವವರಿಗೆ ಬುತ್ತಿ ಕಡಿಮೆಯೇನಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲಕ್ಕೇ, 1939ರಲ್ಲಿ, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗ ಬಂತು. ಈ ಸೀಮೆಯ ಹತ್ತಾರು ಊರಿನ ಪಾಠ ಅದರಲ್ಲಿದೆ. 1991ರಿಂದ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. ಅದರ ಶಾಸನ ಸಂಪುಟಗಳೂ ಇವೆ. ಹಳಗನ್ನಡ ಮತ್ತು ಲಿಪಿ ಕಲಿಯಬೇಕು. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುವುದನ್ನು ಗುರುವಿನ ಪಕ್ಕದಲ್ಲಿ ನಿಂತೇ ಕಲಿಯಬೇಕು. ಮೊಬೈಲ್ ಇದ್ದರೆ ಸಂಜೆಯ ಓರೆ ಬಿಸಿಲಲ್ಲಿ ತೆಗೆದ ಫೋಟೊ ಕೂಡ ಸವೆದ ಅಕ್ಷರವನ್ನು ಎತ್ತಿ ತೋರಿಸುತ್ತದೆ.

ಕಷ್ಟ ಇರುವುದು ಊರೊಳಗೆ. ಕಲ್ಲಿನ ಮುಂದೆ ಕುಳಿತವರನ್ನು ಹಿರಿಯರು ಮೊದಲು ಕೇಳುವುದು, ‘ನಿಧಿ ಎಲ್ಲೈತಂತ ಬರ್ದಾರೇನಪ್ಪಾ?’ ತಮಾಷೆಯ ಪ್ರಶ್ನೆಯಲ್ಲ ಇದು. ಬರಹವೆಂದರೆ ಹೊನ್ನಿನ ಗುರುತು ಎಂದು ನಂಬಿದವರು ಇರುಳಲ್ಲಿ ಗುಡಿ ಅಗೆದಿದ್ದಾರೆ, ಶಾಸನ ಒಡೆದಿದ್ದಾರೆ. ಅಲ್ಲೇ ನಿಂತು, ‘ನಿಧಿ ಅಲ್ಲ ಯಜ್ಜಾ, ದೇವರ ನಂದಾದೀಪಕ್ಕೆ ಇಷ್ಟು ಮತ್ತರು ಹೊಲ ಬಿಟ್ಟಾರ, ಗಡಿ ಇದೇ ಹಳ್ಳ’ ಎಂದು ಓದಿ ಹೇಳಬಲ್ಲ ವಿದ್ಯಾರ್ಥಿ ಯಾವ ಕಾವಲುಗಾರನಿಗಿಂತಲೂ ಕಡಿಮೆಯಲ್ಲ. ಬರೆದದ್ದೇನು ಎಂದು ತಿಳಿದ ಊರು ಕಲ್ಲನ್ನು ಒಗೆಯುವ ಬಂಡೆ ಮಾಡಿಕೊಳ್ಳುವುದಿಲ್ಲ.

ಶಾಸನ ಹುಟ್ಟಿದ್ದೂ ನಾಲ್ಕು ಜನರ ಕಣ್ಣಿಗೆ ಬೀಳಲೆಂದೇ. ದಾನ ಕೊಟ್ಟವರ, ಪಡೆದವರ, ಸಾಕ್ಷಿಗಳ ಹೆಸರಿಟ್ಟು, ಅಳಿಪಿದವರಿಗೆ ಶಾಪ ಹಾಕಿ ಗುಡಿಯ ಮುಂದೆ ನೆಟ್ಟ ಪತ್ರ ಅದು. ಮೈಲಾರದಲ್ಲಿ ಗೊರವಯ್ಯ ನುಡಿದ ಒಂದು ಸಾಲಿನ ಕಾರ್ಣಿಕವನ್ನು, ಆ ಭವಿಷ್ಯದ ನುಡಿಯನ್ನು, ಜಾತ್ರೆಗೆ ಬಂದ ಜನ ಮಳೆಗೂ ಬೆಳೆಗೂ ರಾಜಕಾರಣಕ್ಕೂ ಹೊಂದಿಸಿ ಅರ್ಥ ಬಿಡಿಸುತ್ತಾರಲ್ಲ, ಸಾರ್ವಜನಿಕ ವ್ಯಾಖ್ಯಾನ ಈ ಸೀಮೆಗೆ ಹೊಸತಲ್ಲ. ಅದೇ ಜನಕ್ಕೆ ಕಲ್ಲಿನ ಪಾಠ ಸಿಕ್ಕಿಲ್ಲ, ಅಷ್ಟೇ.

ಹಾಗಾಗಿ ಮಹಾಪ್ರಬಂಧದ ಮೌಖಿಕ ಪರೀಕ್ಷೆ ಎರಡು ಕಡೆ ನಡೆಯಲಿ: ಒಂದು ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಶಾಸನವಿರುವ ಊರಿನ ಗುಡಿಕಟ್ಟೆಯಲ್ಲಿ. ಪಾಠ ಹೊಸಗನ್ನಡದಲ್ಲಿ ಪಂಚಾಯಿತಿಗೂ ಶಾಲೆಗೂ ಸಿಗಲಿ. ಗುಡಿಕಟ್ಟೆಯ ಪರೀಕ್ಷೆಗೆ ಸರ್ಕಾರದ ಆದೇಶ ಬೇಕಿಲ್ಲ. ಓದು ಮುಗಿಸಿದವರು ಊರಿಗೆ ಬಸ್ಸು ಹತ್ತಿದರೆ ಸಾಕು.