ಗಣಕಯಂತ್ರದ ಪರದೆಯೂ ಸದಸ್ಯರ ಕಣ್ಣೂ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸುವ 2,516 ಕೋಟಿ ರೂ.ಗಳ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆಯಿತ್ತಿದ್ದನ್ನು ಸದಸ್ಯ ಬಾಂಧವರು ಬಲ್ಲರು. ಪಾಸ್ ಪುಸ್ತಕದಲ್ಲಿ ಬೆರಳಿಟ್ಟು ಓದುತ್ತಿದ್ದ ಅಸಲು, ಬಡ್ಡಿ, ವಾಯಿದೆಗಳು ಪರದೆಗೆ ಬಂದಾಗ ಅವು ನಮ್ಮ ಕಣ್ಣಿಗೆ ಬೀಳುತ್ತವೆಯೇ? ಇದನ್ನು ಅಳೆಯುವ ವಿಧಾನವೊಂದುಂಟು.

ಓದುವಾಗ ಕಣ್ಣು ಗಾಡಿಯ ಚಕ್ರದಂತೆ ಉರುಳುವುದಿಲ್ಲ; ಮಿಡತೆಯಂತೆ ಹಾರಿ, ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ನಿಂತು, ಮತ್ತೆ ಹಾರುತ್ತದೆ. ಅರ್ಥವಾಗುವುದು ನಿಂತಲ್ಲಿ ಮಾತ್ರ. ಪರದೆಯ ಕೆಳಗಿಟ್ಟ ಉಪಕರಣವು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬೀರುತ್ತದೆ. ಕಣ್ಣಿನ ಮೇಲೆ ಮೂಡುವ ಆ ಬೆಳಕಿನ ಚುಕ್ಕೆಗೂ ಪಾಪೆಗೂ ಇರುವ ಅಂತರವನ್ನು ಕ್ಯಾಮರಾ ಹಿಡಿಯುತ್ತದೆ. ನೋಟ ಎಲ್ಲಿ, ಎಷ್ಟು ಹೊತ್ತು ನಿಂತಿತೆಂಬುದು ಅದರಿಂದ ತಿಳಿಯುತ್ತದೆ. ವಿಮಾನ ಇಳಿಸುವ ಚಾಲಕರ ಕಣ್ಣುಗಳನ್ನು ಅಮೆರಿಕದ ಪಾಲ್ ಫಿಟ್ಸ್ ಮತ್ತು ಸಂಗಡಿಗರು 1940ರ ದಶಕದ ಕೊನೆಯಲ್ಲೇ ಚಲನಚಿತ್ರ ಕ್ಯಾಮರಾದಿಂದ ಪರೀಕ್ಷಿಸಿದ್ದರು. 2006ರಲ್ಲಿ ಜೇಕಬ್ ನೀಲ್ಸನ್ 232 ಮಂದಿಯನ್ನು ಪರೀಕ್ಷಿಸಿ, ಜನರು ಪುಟದ ಮೇಲಿನ ಸಾಲುಗಳನ್ನೂ ಎಡ ಅಂಚನ್ನೂ ನೋಡಿ, ಬಲಬದಿಯ ಕೆಳಭಾಗವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆಂದು ತೋರಿಸಿದರು. ವಾಯಿದೆಯ ದಿನಾಂಕವನ್ನು ಅಲ್ಲೇ ಮುದ್ರಿಸಿದರೆ ತಪ್ಪು ಯಾರದು?

ನಮ್ಮ ರಾಜ್ಯದಲ್ಲಿ ಇಂಥ ಪರದೆ ಹೊಸದಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ತಾಲೂಕು ಕಚೇರಿಗಳಲ್ಲಿ ತೆರೆದ ಪಹಣಿ ಕೇಂದ್ರಗಳಲ್ಲಿ ಅರ್ಜಿದಾರರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನು ಇಡಲಾಗಿತ್ತು, ಸದುದ್ದೇಶವೇ ಸರಿ. ಆದರೆ ಆಗ ಜೇವರ್ಗಿ ತಾಲೂಕಿಗೆ ಸೇರಿದ್ದ ಯಡ್ರಾಮಿಯ ತೊಗರಿ ಬೆಳೆಗಾರನಿಗೂ ಮಲೆನಾಡಿನ ಅಡಿಕೆ ಬೆಳೆಗಾರನಿಗೂ ಸಿಕ್ಕಿದ್ದು ಒಂದೇ ಒತ್ತೊತ್ತಾದ ನಮೂನೆ. 9ನೇ ಕಾಲಮಿನಲ್ಲಿ ಹೆಸರು ಕಂಡರೆ ಸಮಾಧಾನ. 11ನೇ ಕಾಲಮಿನ ಋಣದ ನಮೂದಿನತ್ತ ದೃಷ್ಟಿ ಹೋಗುವುದೇ ಅಪರೂಪ. ತೀರಿದ ಸಾಲ ಅಲ್ಲಿ ಹಾಗೆಯೇ ಉಳಿದಿದ್ದು ತಿಳಿಯುವುದು ಮುಂದಿನ ಸಾಲಕ್ಕೆ ಹೋದಾಗ! ಇದನ್ನು ರೈತನ ಅಜ್ಞಾನವೆಂದು ಕರೆಯುವುದನ್ನು ನಾವು ಒಪ್ಪುವುದಿಲ್ಲ.

ಉಪಕರಣಕ್ಕೂ ಮಿತಿಯುಂಟು. ನೋಟ ಎಲ್ಲಿ ನಿಂತಿತೆಂದು ಹೇಳೀತು, ಏಕೆ ನಿಂತಿತೆಂದು ಹೇಳದು: ಬಡ್ಡಿಯ ಅಂಕಿಯನ್ನು ದಿಟ್ಟಿಸಿದವರಿಗೆ ಅದು ಅರ್ಥವಾಯಿತೋ, ಗಾಬರಿಯಾಯಿತೋ? ಕೇಳಿಯೇ ತಿಳಿಯಬೇಕು. ಎರಡು ಬಗೆಯ ಗಾಜಿನ ಕನ್ನಡಕವಿದ್ದರೆ ಅಳತೆ ತಪ್ಪುವುದೂ ಉಂಟು. ನಮ್ಮ ಸದಸ್ಯರಲ್ಲಿ ಅಂಥವರೇ ಹೆಚ್ಚು.

ಆದ್ದರಿಂದ ಯಾವುದೇ ಸಂಘ ತಂತ್ರಾಂಶಕ್ಕೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಐದಾರು ಸದಸ್ಯರನ್ನು, ಹಿರಿಯರೂ ಮಹಿಳೆಯರೂ ಇರುವಂತೆ, ಪರದೆಯ ಮುಂದೆ ಕೂರಿಸಿ “ಬಾಕಿ ಎಷ್ಟು, ವಾಯಿದೆ ಎಂದು?” ಎಂದು ಹುಡುಕಲು ಹೇಳಲಿ. ಉಪಕರಣ ದೊರೆಯದಿದ್ದರೆ ಪಕ್ಕದಲ್ಲಿ ಕುಳಿತು ಗಮನಿಸಿದರೂ ಆದೀತು. ಗುಮಾಸ್ತರು ಮಾತ್ರ ಬೆರಳು ತೋರಿಸಬಾರದು.