ಕೌದಿಯ ಒಡಲು: ಉತ್ತರ ಕರ್ನಾಟಕದ ಹೊದಿಕೆಯೊಂದರ ರಚನೆ ಮತ್ತು ಮುಕ್ತಾಯ ಕ್ರಮ

ಕನ್ನಡ ಜಾನಪದ ಅಧ್ಯಯನವು ತನ್ನ ಆರಂಭದ ದಶಕಗಳಲ್ಲಿ ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹಕ್ಕೆ ನೀಡಿದಷ್ಟು ಗಮನವನ್ನು ಕೈಯಿಂದ ಮಾಡಿದ ವಸ್ತುಗಳಿಗೆ ನೀಡಲಿಲ್ಲ. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದಾಗ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ದನಿ ಗ್ರಂಥಸ್ಥವಾಯಿತು. ಅಂಥ ಮನೆಗಳ ಪಡಸಾಲೆಯಲ್ಲಿ, ಬೀಸುವುದು ಬೇಯಿಸುವುದು ಮುಗಿದ ಮಧ್ಯಾಹ್ನಗಳಲ್ಲಿ, ಹೆಣ್ಣುಮಕ್ಕಳು ಹೊಲಿದ ಕೌದಿಗಳು ಮಾತ್ರ ಹೊದ್ದು ಸವೆದು ಮರೆಯಾದವು. ಇದಕ್ಕೆ ವಿದ್ವಾಂಸರ ಅಲಕ್ಷ್ಯವೊಂದೇ ಕಾರಣವಲ್ಲ. ಹಾಡನ್ನು ಬರೆದುಕೊಂಡರೆ ಉಳಿಯುತ್ತದೆ. ಕೌದಿಯಾದರೋ ಬಳಸಿದರೆ ಸವೆಯುತ್ತದೆ, ಬಳಸದೆ ಇಟ್ಟರೆ ಅದರ ಅರ್ಥವೇ ಕಳೆದುಹೋಗುತ್ತದೆ. ಕೌದಿಯನ್ನು ಹೇಗೆ ಕಟ್ಟುತ್ತಾರೆ, ಯಾವ ಹಂತದಲ್ಲಿ ಅದು ‘ಮುಗಿಯಿತು’ ಎನ್ನುತ್ತಾರೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಎರಡು ಪ್ರಶ್ನೆಗಳನ್ನು ಕೇಳದೆ ಮಾಡಿದ ದಾಖಲಾತಿ ಕೌದಿಯ ಹೊರಮೈಯನ್ನಷ್ಟೇ ಮುಟ್ಟುತ್ತದೆ ಎಂಬುದು ಇಲ್ಲಿಯ ವಾದ.

ಧಾರವಾಡ, ಗದಗ, ಬಾಗಲಕೋಟೆ, ಬೆಳಗಾವಿ, ವಿಜಯಪುರ ಭಾಗಗಳಲ್ಲಿ ಇದನ್ನು ಕೌದಿ ಅಥವಾ ಕವದಿ ಎನ್ನುತ್ತಾರೆ. ಮರಾಠಿಯ ಗೋಧಡಿ, ಬಂಗಾಳದ ಕಾಂಥಾ ಇದೇ ಕುಲದವು. ಆದರೆ ಕಾಂಥಾಕ್ಕೆ ದೊರೆತ ವಿದ್ವತ್ ಗಮನ ಕೌದಿಗೆ ದೊರೆಯಲಿಲ್ಲ. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ 1939ರಷ್ಟು ಹಿಂದೆಯೇ ಕಾಂಥಾ ಕುರಿತು ಲೇಖನ ಬರೆದರು. ಕಾಂಥಾದಲ್ಲಿ ತಾವರೆ, ಆನೆ, ರಥಗಳ ಕಸೂತಿ ಇದ್ದುದರಿಂದ ‘ಓದಲು’ ಏನೋ ಸಿಕ್ಕಿತು. ಕೌದಿಯಲ್ಲಿ ಅಂಥ ಚಿತ್ರಗಳು ವಿರಳ. ಮೇಲ್ನೋಟಕ್ಕೆ ಕಾಣುವುದು ತೇಪೆ ಮತ್ತು ಹೊಲಿಗೆ ಮಾತ್ರ. ಓದಬೇಕಾದದ್ದು ಅದರ ಒಳಗಿದೆ.

ಕೌದಿಗೆ ಬೇಕಾದ ಮೊದಲ ಸಾಮಗ್ರಿ ಹಳೆಯ ಹತ್ತಿ ಬಟ್ಟೆ. ಹೊಸ ಬಟ್ಟೆಯ ಗಂಜಿ ಇನ್ನೂ ಬಿಟ್ಟಿರುವುದಿಲ್ಲ, ನೂಲು ಬಿಗಿಯಾಗಿರುತ್ತದೆ. ನಾಲ್ಕೈದು ಪದರಗಳಲ್ಲಿ ಸೂಜಿ ಹಾಯಿಸುವುದು ಕಷ್ಟ. ಹತ್ತಾರು ವರ್ಷ ಒಗೆದು ಮೆತ್ತಗಾದ ಸೀರೆ, ಧೋತರಗಳೇ ಇದಕ್ಕೆ ಯೋಗ್ಯ. 9 ಗಜದ ಇಳಕಲ್ ಸೀರೆಯನ್ನು ನಾಲ್ಕು ಸಮಭಾಗ ಮಾಡಿದರೆ ಪ್ರತಿ ಭಾಗವೂ ಸುಮಾರು 2 ಮೀಟರ್ ಉದ್ದ ಬರುತ್ತದೆ. ಎರಡು ಭಾಗಗಳನ್ನು ಅಗಲಕ್ಕೆ ಜೋಡಿಸಿದರೆ ಕೌದಿಯ ತಳಹಾಸು ಸಿದ್ಧ. ಉಳಿದೆರಡು ಒಳಪದರಕ್ಕೆ ಹೋಗುತ್ತವೆ. ಹೀಗೆ ಒಂದು ಸೀರೆಯ ಅಳತೆಯೇ ಒಂದು ಕೌದಿಯ ಅಳತೆಯನ್ನು ನಿರ್ಧರಿಸುತ್ತದೆ. ತೋಪು ತೆನೆಯ ಕೆಂಪು ಸೆರಗನ್ನು ಒಳಗೆ ಹಾಕಿ ವ್ಯರ್ಥ ಮಾಡುವವರು ಕಡಿಮೆ. ಅದು ಮೇಲ್ಭಾಗದಲ್ಲಿ ಕಾಣುವಂತೆ ಬರುತ್ತದೆ. ಜೊತೆಗೆ ಕುಪ್ಪಸದ ಖಣದ ಚೂರುಗಳೂ ಸೇರುತ್ತವೆ.

ಹತ್ತಿ ತುಂಬಿದ ಗಾದಿ, ರಜಾಯಿಗಳಿಗೂ ಕೌದಿಗೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿದೆ. ಕೌದಿಗೆ ಪ್ರತ್ಯೇಕವಾದ ‘ತುಂಬು’ ಇಲ್ಲ. ಹರಿದ ಅರಿವೆಯೇ ತುಂಬು, ಪದರಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚಗೆ. ತಳಹಾಸನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೂ ಕಲ್ಲು ಹೇರುತ್ತಾರೆ. ಅದರ ಮೇಲೆ ಅಲ್ಲಲ್ಲಿ ಜೀರ್ಣವಾದ ಬಟ್ಟೆಗಳನ್ನು, ತೂತಿನ ಮೇಲೆ ತೂತು ಬಾರದ ಹಾಗೆ, ಹರಡುತ್ತಾರೆ. ಈ ಕೊನೆಯ ಎಚ್ಚರಿಕೆ ನೋಡಲು ಸಣ್ಣದು. ಆದರೆ ಅನುಭವಿ ಕೈಯನ್ನೂ ಹೊಸ ಕೈಯನ್ನೂ ಬೇರ್ಪಡಿಸುವುದು ಇದೇ: ಒಳಪದರ ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಎರಡು ಮಳೆಗಾಲದೊಳಗೆ ತೆಳುವಾದ ಕಡೆ ಹರಿಯುತ್ತದೆ.

ಹೊಲಿಗೆ ಅಂಚಿನಿಂದ ಆರಂಭವಾಗುತ್ತದೆ. ಜೋಡಿ ಎಳೆಯ ದಪ್ಪ ದಾರ, ಉದ್ದ ಸೂಜಿ. ಹೊಲಿಗೆ ಮಾತ್ರ ಅತ್ಯಂತ ಸರಳವಾದದ್ದು, ಮೇಲೆ ಕೆಳಗೆ ನೇರವಾಗಿ ಓಡುವಂಥದು. ಮೊದಲ ಸುತ್ತು ನಾಲ್ಕೂ ಅಂಚುಗಳನ್ನು ಬಂಧಿಸುತ್ತದೆ. ಎರಡನೆಯ ಸುತ್ತು ಬೆರಳಗಲ ಒಳಗೆ, ಮೂರನೆಯದು ಅದಕ್ಕಿಂತ ಒಳಗೆ. ಹೊಲಿಯುವವಳು ಕೌದಿಯ ಮೇಲೆಯೇ ಕುಳಿತು ಸುತ್ತುತ್ತ ಒಳಸರಿಯುತ್ತಾಳೆ. ಮನೆಯ ಹೆಣ್ಣುಮಕ್ಕಳಲ್ಲದೆ, ಊರೂರಿಗೆ ಬಂದು ಕೌದಿ ಹೊಲಿದುಕೊಡುವ ಗೊಂದಲಿಗ ಸಮುದಾಯದ ಮಹಿಳೆಯರೂ ಈ ಕೆಲಸದಲ್ಲಿ ಪರಿಣತರು. ಅವರ ಹೊಲಿಗೆಯ ಸಾಲುಗಳು ಹೆಚ್ಚು ಸಮ, ಹೆಚ್ಚು ಒತ್ತು. ಮನೆಯವರ ಹೊಲಿಗೆಯಲ್ಲಿ ಅಲ್ಲಲ್ಲಿ ಕೈ ಬದಲಾದ ಗುರುತು ಕಾಣುತ್ತದೆ: ಅತ್ತೆ ಬಿಟ್ಟಲ್ಲಿಂದ ಸೊಸೆ ಹಿಡಿದದ್ದು.

ಈ ಸುತ್ತುಕ್ರಮ ಇನ್ನೂ ಸ್ಪಷ್ಟವಾಗಿ ಕಾಣುವುದು ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಕವಂದಿಗಳಲ್ಲಿ. ಬಯಲುಸೀಮೆಯ ಹಲವು ಮನೆಗಳಲ್ಲಿ ಮೇಲ್ಪದರವನ್ನು ಮೊದಲೇ ಜೋಡಿಸಿಟ್ಟುಕೊಂಡರೆ, ಸಿದ್ದಿ ಮಹಿಳೆಯರು ತೇಪೆಗಳನ್ನು ಒಂದೊಂದಾಗಿ, ಅಂಚು ಒಳಮಡಿಚಿ, ಹೊಲಿಗೆ ಸಾಗಿದಂತೆ ಕೂಡಿಸುತ್ತ ಹೋಗುತ್ತಾರೆ. ಜೋಡಣೆಯೂ ಹೊಲಿಗೆಯೂ ಒಂದೇ ಕ್ರಿಯೆ. ನಾಲ್ಕು ಮೂಲೆಗಳಿಗೆ ಚೌಕ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ‘ಫೂಲ’, ಎಂದರೆ ಹೂವು, ಕೂಡಿಸುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಇದ್ದಂತೆ ಎಂಬ ಅವರ ಭಾವನೆಯನ್ನು ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಾಲ್ ದಾಖಲಿಸಿದ್ದಾರೆ. ಅವರ ಪ್ರಯತ್ನದಿಂದ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನವೂ ನಡೆಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರೂ ಕವಂದಿ ಹೊಲಿಯುತ್ತಾರೆ. ಕೆಲವರ ತೇಪೆಗಳಲ್ಲಿ ಶಿಲುಬೆಯೋ ಅರ್ಧಚಂದ್ರವೋ ಬರುವುದುಂಟು. ರಚನಾಕ್ರಮ ಮಾತ್ರ ಎಲ್ಲರಿಗೂ ಒಂದೇ.

ಅಂಚಿನಿಂದ ಒಳಕ್ಕೆ ಹೊಲಿದ ಹೊದಿಕೆಯಲ್ಲಿ ಕೊನೆಗೆ ತೆರೆದುಳಿಯುವುದು ನಡುಭಾಗ. ಈ ತೆರಪನ್ನು ಹೊಟ್ಟೆ ಎನ್ನುತ್ತಾರೆ. ಅದನ್ನು ಬರಿದಾಗಿ ಮುಚ್ಚಬಾರದು. ಸಿದ್ದಿ ಮಹಿಳೆಯರಲ್ಲಿ ನಾಲ್ಕಾರು ಅಕ್ಕಿಕಾಳು ಇಟ್ಟು ಮುಚ್ಚುವ ರೂಢಿಯಿದೆ. ಬಯಲುಸೀಮೆಯಲ್ಲಿ ನಾನು ಕಂಡ ಮನೆಗಳಲ್ಲಿ ರೊಟ್ಟಿಯ ಇಲ್ಲವೆ ಹೋಳಿಗೆಯ ಚೂರನ್ನು ಇಡುತ್ತಿದ್ದರು. ಹೋಳಿಗೆಗೆ ಇರುವೆ ಮುತ್ತುವುದಿಲ್ಲವೇ ಎಂದು ಕೇಳಿದ್ದಕ್ಕೆ, ಉಗುರಿನಷ್ಟು ಇಟ್ಟರೆ ಸಾಕು ಎಂಬ ಉತ್ತರ ಬಂತು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿಯುತ್ತಾರೆ ಎಂಬುದು ಇದರ ಹಿಂದಿನ ನಂಬಿಕೆ. ಈ ಆಚರಣೆಯನ್ನು ಕೇವಲ ‘ನಂಬಿಕೆ’ ಎಂಬ ಶೀರ್ಷಿಕೆಯಡಿ ಸೇರಿಸಿ ಮುಂದೆ ಹೋಗುವುದು ಸರಿಯಲ್ಲ. ಹೊಲಿಗೆಯ ದಿಕ್ಕು ಬೇರೆಯಾಗಿದ್ದರೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿದ್ದರೆ, ಮುಚ್ಚುವ ಜಾಗ ಅಂಚಿನಲ್ಲಿರುತ್ತಿತ್ತು. ಹೊಟ್ಟೆ ಎಂಬ ಕಲ್ಪನೆಗೆ ಎಡೆಯೇ ಇರುತ್ತಿರಲಿಲ್ಲ. ತಂತ್ರವೂ ಆಚರಣೆಯೂ ಇಲ್ಲಿ ಒಂದರಿಂದ ಒಂದು ಹುಟ್ಟಿವೆ.

ನನ್ನ ಮೊದಲ ಕ್ಷೇತ್ರಕಾರ್ಯದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು. ವಸ್ತುಸಂಗ್ರಹಾಲಯವೊಂದರ ನಮೂನೆಯನ್ನು ಹಿಡಿದು ಮನೆ ಮನೆಗೆ ಹೋಗಿ ಕೌದಿಗಳ ಉದ್ದಗಲ, ತೇಪೆಗಳ ಸಂಖ್ಯೆ, ಬಣ್ಣಗಳನ್ನು ಬರೆದುಕೊಳ್ಳುತ್ತಿದ್ದೆ. ನವಲಗುಂದದ ಬಳಿಯ ಹಳ್ಳಿಯೊಂದರಲ್ಲಿ ಹಿರಿಯ ಹೆಣ್ಣುಮಗಳೊಬ್ಬಳು ಸ್ವಲ್ಪ ಹೊತ್ತು ನೋಡಿ, “ಮ್ಯಾಲಿಂದ ಏನ ಬರಕೊಂತೀರಿ ಅಕ್ಕಾರ, ಒಳಗ ನೋಡ್ರಿ. ಒಳಗ ನಮ್ಮತ್ತಿ ಅದಾಳ” ಎಂದಳು. ಬಿಚ್ಚಿದ ಹೊಲಿಗೆಯ ಸಂದಿನಿಂದ ಬೆರಳಿಟ್ಟು ತೋರಿಸಿದಳು: ಮೇಲಿನ ಪದರ ಅವಳ ಸೀರೆಯದು, ಅದರ ಕೆಳಗೆ ಗಂಡನ ಧೋತರ, ಅದಕ್ಕೂ ಕೆಳಗೆ ಇಡಿಯಾದ ಇನ್ನೊಂದು ಕೌದಿ. ಅತ್ತೆ ಹೊಲಿದು, ಹೊದ್ದು, ಸವೆಸಿದ ಕೌದಿ ಸೊಸೆಯ ಕೌದಿಗೆ ತುಂಬಾಗಿತ್ತು. ನನ್ನ ನಮೂನೆಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ‘ಕಾಲ’ ಎಂಬ ಅಂಕಣದಲ್ಲಿ ಯಾವ ವರ್ಷ ಬರೆಯಬೇಕು?

ಇದು ಅಪರೂಪದ ಪ್ರಸಂಗವಲ್ಲ. ಮಹಾನವಮಿಗೆ ಮುನ್ನ ಮನೆ ಸಾರಿಸುವ ದಿನಗಳಲ್ಲಿ ಕೌದಿಗಳನ್ನು ಹಳ್ಳಕ್ಕೋ ಕೆರೆಗೋ ಒಯ್ದು ಒಗೆಯುತ್ತಾರೆ. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಕಲ್ಲಿಗೆ ಬಡಿದಾಗ ದಾರ ಕಿತ್ತಲ್ಲಿ ಮತ್ತೆ ಹೊಲಿಗೆ ಬೀಳುತ್ತದೆ, ಬಟ್ಟೆ ಹರಿದಲ್ಲಿ ತೇಪೆ. ತೇಪೆ ಹಿಡಿಯದಷ್ಟು ಜೀರ್ಣವಾದಾಗ ಅದರ ಮೇಲೆ ಕೆಳಗೆ ಬೇರೆ ಸೀರೆ ಹಾಸಿ ಹೊಸದಾಗಿ ಹೊಲಿಯುತ್ತಾರೆ. ಬಾಣಂತಿಯ ತವರಿನಲ್ಲಿ ಕೂಸಿಗೆ ಖಣದ ಕುಂಚಿಗೆಯೊಡನೆ ಹೊಲಿಯುವ ಪುಟ್ಟ ಕೌದಿಗೆ ಅಜ್ಜಿಯ ಹಳೆಯ ಸೀರೆಯನ್ನೇ ಆರಿಸುತ್ತಾರೆ. ಎಳೆಯ ಮೈಗೆ ಅದು ಮೆತ್ತಗೆ ಎಂಬುದು ಅವರು ಕೊಡುವ ಕಾರಣ. ಕಾರಣ ಅಷ್ಟೇ ಆಗಿರಲಾರದು.

ಪಾಲಿಯೆಸ್ಟರ್ ಸೀರೆಗಳ ಬಳಕೆ ಹಬ್ಬಿದ ಮೇಲೆ ಸಾಮಗ್ರಿಯಲ್ಲಿಯೇ ಬದಲಾವಣೆಯಾಗಿದೆ. ಆ ಬಟ್ಟೆ ಬೇಗ ಹರಿಯದು, ಬೆವರು ಹೀರದು, ಪದರಗಳು ಒಂದರ ಮೇಲೊಂದು ಜಾರುತ್ತವೆ. ನಗರದ ಮಾರಾಟಕ್ಕಾಗಿ ಸಿದ್ಧವಾಗುವ ಹಲವು ಕೌದಿಗಳಲ್ಲಿ ಹೊಸ ಬಟ್ಟೆಯ ಚೂರುಗಳನ್ನು ಒಂದೇ ಅಳತೆಗೆ ಕತ್ತರಿಸಿ ಜೋಡಿಸಲಾಗುತ್ತಿದೆ. ಇದರಿಂದ ಹೊಲಿಯುವವರ ಕೈಗೆ ಹಣ ಬರುವುದರಿಂದ ಇದನ್ನು ಹಗುರವಾಗಿ ನಿಂದಿಸಲಾಗದು. ಆದರೆ ಅಂಥ ಕೌದಿಯನ್ನೂ ನವಲಗುಂದದ ಬಳಿ ಕಂಡ ಕೌದಿಯನ್ನೂ ಒಂದೇ ನಮೂನೆಯಲ್ಲಿ ಒಂದೇ ಹೆಸರಿನಿಂದ ದಾಖಲಿಸಿದರೆ ಮುಂದಿನ ಸಂಶೋಧಕರಿಗೆ ಎರಡರ ವ್ಯತ್ಯಾಸವೇ ತಿಳಿಯದು. ಆ ಭೇಟಿಯ ನಂತರ ನಾನು ನಮೂನೆಯಲ್ಲಿ ಪದರಗಳಿಗಾಗಿ ಪ್ರತ್ಯೇಕ ಅಂಕಣ ಸೇರಿಸಿದ್ದೇನೆ: ಪ್ರತಿ ಪದರ ಯಾರ ಬಟ್ಟೆ, ಯಾವಾಗ ಸೇರಿತು, ಯಾರ ಕೈ ಹೊಲಿಗೆ, ಹೊಟ್ಟೆಗೆ ಏನಿಟ್ಟರು. ಹೊಲಿದವರು ಬದುಕಿರುವಾಗಲೇ ಈ ಅಂಕಣಗಳನ್ನು ತುಂಬಬೇಕು. ನವಲಗುಂದದ ಆ ಕೌದಿಯನ್ನು ಸಂಗ್ರಹಾಲಯಕ್ಕೆ ಕೊಡುವಿರಾ ಎಂದು ಕೇಳಿದಾಗ ಅವಳು ನಕ್ಕು, ಸೊಸೆಯ ಕಡೆ ಕೈ ಮಾಡಿದಳು. ಎರಡು ವರ್ಷಗಳ ನಂತರ ಅದೇ ಮನೆಗೆ ಹೋದಾಗ ಪಡಸಾಲೆಯಲ್ಲಿ ನಾಲ್ಕು ಕಲ್ಲು ಹೇರಿ ಹೊಸ ತಳಹಾಸು ಹಾಸಿತ್ತು. ಹಳೆಯ ಕೌದಿ ಅದರ ಮೇಲೆ ಹರಡಿತ್ತು.